ಬೆರಳ ಕ್ಲಿಪ್ಪು ತೋರಿಸುವ 98

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ನಮ್ಮ ಮನೆಗಳಿಗೂ ಬಂತು. 95ರ ಮೇಲಿದ್ದರೆ ನಿಶ್ಚಿಂತೆ, ಇಳಿದರೆ ಆಸ್ಪತ್ರೆ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವಾಯಿತು. ಆ ಲೆಕ್ಕ ಪೂರ್ತಿ ಕೈಕೊಡುವ ಒಂದು ವಿಷವಿದೆ, ಕಾರ್ಬನ್ ಮಾನಾಕ್ಸೈಡ್. ಅದನ್ನು ಉಸಿರಾಡಿ ಪ್ರಜ್ಞೆ ತಪ್ಪಿದವರ ಬೆರಳಲ್ಲೂ ಈ ಯಂತ್ರ 98 ಎಂದು ತೋರಿಸಬಲ್ಲದು.

ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್ ಯಾವುದೇ ಆಗಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿಟ್ಟ ಕೆಂಡ, ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್, ಮನೆಯೊಳಗೇ ಓಡುವ ಜನರೇಟರ್, ಇಂಥ ಕಡೆ ಜನ ಇದಕ್ಕೆ ಸಿಕ್ಕುತ್ತಾರೆ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಿಟಕಿಯಿಂದಲೇ ಬಸ್ಸಿನ ಸೀಟಿಗೆ ಟವೆಲ್ ಎಸೆದವರ ಹಾಗೆ ಜಾಗ ಹಿಡಿದು ಕೂರುತ್ತದೆ. ಆಮ್ಲಜನಕ ನಿಂತೇ ಇರಬೇಕು.

ಯಂತ್ರ ಮೋಸಹೋಗುವುದು ಹೇಗೆ? ಜಪಾನಿನ ಎಂಜಿನಿಯರ್ ತಕುವೊ ಅಯೋಯಗಿ 1970ರ ದಶಕದಲ್ಲಿ ಹುಟ್ಟುಹಾಕಿದ ಈ ವಿಧಾನಕ್ಕೆ ಎರಡೇ ಬೆಳಕು ಸಾಕು: 660 ನ್ಯಾನೋಮೀಟರಿನ ಕೆಂಪು, 940ರ ಅವಕೆಂಪು. ಎರಡು ಬೆಳಕಿನಿಂದ ಎರಡನ್ನು ಬೇರ್ಪಡಿಸಬಹುದು, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್. ಕಾರ್ಬನ್ ಮಾನಾಕ್ಸೈಡ್ ಹೊತ್ತದ್ದು ಮೂರನೆಯದು. ಕೆಂಪು ಬೆಳಕಿಗೆ ಅದು ಹೆಚ್ಚುಕಡಿಮೆ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಯಂತ್ರ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಹಾಗಾದರೆ ಬೆಳಕುಗಳನ್ನೇ ಹೆಚ್ಚಿಸಿದರಾಯಿತಲ್ಲ? ಕ್ಯಾಲಿಫೋರ್ನಿಯಾದ ಮಾಸಿಮೊ ಕಂಪನಿ ಅದನ್ನೇ ಮಾಡಿತು. 2005ರಲ್ಲಿ ಬಂದ ಅದರ ರ‍್ಯಾಡ್-57 ಏಳಕ್ಕೂ ಹೆಚ್ಚು ತರಂಗಾಂತರಗಳ ಬೆಳಕು ಹಾಯಿಸಿ, ಸೂಜಿ ಚುಚ್ಚದೆ, ಕೆಲವೇ ಕ್ಷಣಗಳಲ್ಲಿ ಹಿಮೋಗ್ಲೋಬಿನ್ನಿನ ಶೇಕಡಾ ಎಷ್ಟು ಭಾಗವನ್ನು ವಿಷ ಹಿಡಿದಿದೆ ಎಂದು ಹೇಳತೊಡಗಿತು. ಇದರ ನಿಜವಾದ ಬಲ ಗೊತ್ತಾದದ್ದು ಅಮೆರಿಕದ ರೋಡ್ ಐಲೆಂಡಿನ ಒಂದು ತುರ್ತು ವಿಭಾಗದಲ್ಲಿ. ಅಲ್ಲಿಗೆ ಬಂದ 14 ಸಾವಿರಕ್ಕೂ ಹೆಚ್ಚು ರೋಗಿಗಳ ಬೆರಳಿಗೆ ಇದನ್ನು ಹಾಕಿ ನೋಡಿದಾಗ, ಯಾರೂ ಅನುಮಾನವನ್ನೇ ಪಡದಿದ್ದ ಕೆಲವರಲ್ಲಿ ವಿಷ ಪತ್ತೆಯಾಯಿತು. 2008ರಲ್ಲಿ ಆ ವರದಿ ಪ್ರಕಟವಾಯಿತು. ತಲೆನೋವು, ವಾಕರಿಕೆ, ಸುಸ್ತು ಎಂದು ಬಂದವರನ್ನು ಫ್ಲೂ ಇರಬೇಕೆಂದು ಮನೆಗೆ, ಅಂದರೆ ಅದೇ ವಿಷದ ಗಾಳಿಗೆ, ವಾಪಸು ಕಳಿಸುವ ಅಪಾಯ ಸಣ್ಣದಲ್ಲ.

ಆದರೆ 2010ರಲ್ಲಿ ನ್ಯೂಯಾರ್ಕಿನ ವೈದ್ಯರು ಇದೇ ಯಂತ್ರವನ್ನು ರಕ್ತಪರೀಕ್ಷೆಯ ಪಕ್ಕ ಇಟ್ಟು ತೂಗಿದರು. ರಕ್ತದಲ್ಲಿ ಶೇ. 15ರಷ್ಟೋ ಅದಕ್ಕಿಂತ ಹೆಚ್ಚೋ ವಿಷವಿದ್ದ 23 ಜನರಲ್ಲಿ ಯಂತ್ರ ಗುರುತಿಸಿದ್ದು 11 ಜನರನ್ನು ಮಾತ್ರ. ವಿಷವಿಲ್ಲದವರನ್ನು ಅದು ಸುಮ್ಮನೆ ಹೆದರಿಸಿದ್ದು ತೀರಾ ಕಡಿಮೆ, ನಿಜ. ಇದ್ದವರಲ್ಲಿ ಅರ್ಧದಷ್ಟು ಜನರನ್ನು ಬಿಟ್ಟಿತು. ತಣ್ಣಗಾದ ಬೆರಳು, ಕುಸಿದ ರಕ್ತಸಂಚಾರ, ನೇಲ್ ಪಾಲಿಶ್, ಅಲುಗಾಟ ಎಲ್ಲವೂ ಇಂಥ ಯಂತ್ರಗಳಿಗೆ ತೊಡಕೇ. ಅಮೆರಿಕದ ತುರ್ತು ವೈದ್ಯರ ಕಾಲೇಜು 2017ರಲ್ಲಿ, ರೋಗನಿರ್ಣಯಕ್ಕೆ ಬೆರಳಿನ ಅಳತೆಯನ್ನು ನೆಚ್ಚಬೇಡಿ ಎಂದು ಸ್ಪಷ್ಟವಾಗಿ ಹೇಳಿತು.

ನನ್ನ ಎಣಿಕೆಯಲ್ಲಿ ಈ ಎರಡು ಅಧ್ಯಯನಗಳು ಒಂದಕ್ಕೊಂದು ವಿರುದ್ಧವಲ್ಲ. ಕ್ಲಿಪ್ಪು "ಇದೆ" ಎಂದರೆ ಕಿವಿಗೊಡಬೇಕು, "ಇಲ್ಲ" ಎಂದರೆ ನಂಬಬಾರದು, ಅಷ್ಟೇ. ಕೊನೆಯ ಮಾತು ರಕ್ತದ ಮಾದರಿಯಲ್ಲಿ ಈ ವಿಷವನ್ನು ಬೇರೆಯಾಗಿಯೇ ಅಳೆಯುವ ಕೋ-ಆಕ್ಸಿಮೀಟರಿನದು. ಧಮನಿಯ ರಕ್ತವೇ ಬೇಕೆಂದಿಲ್ಲ, ಕೈಯ ಅಭಿಧಮನಿಯ ರಕ್ತವೂ ನಡೆಯುತ್ತದೆ. ಎಲ್ಲ ಬ್ಲಡ್ ಗ್ಯಾಸ್ ಯಂತ್ರಗಳಲ್ಲೂ ಈ ಸೌಲಭ್ಯ ಇರುವುದಿಲ್ಲ. ಇಲ್ಲದವು ಆಮ್ಲಜನಕದ ಪ್ರಮಾಣವನ್ನು ಲೆಕ್ಕದಿಂದ ಊಹಿಸುತ್ತವೆ, ಅಲ್ಲೂ ಅದೇ ಮೋಸ.

ರಕ್ತದ ಸಂಖ್ಯೆಗೂ ಮಿತಿಯುಂಟು. ಸಾಮಾನ್ಯ ಗಾಳಿಯಲ್ಲಿ ವಿಷದ ಮಟ್ಟ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ಆಂಬುಲೆನ್ಸಿನಲ್ಲೇ ಆಮ್ಲಜನಕ ಕೊಟ್ಟು ತಂದವರಲ್ಲಿ ಸಂಖ್ಯೆ ತಗ್ಗಿರುತ್ತದೆ, ಮೆದುಳು ಹೃದಯಗಳಿಗೆ ಆದ ಪೆಟ್ಟು ಹಾಗೇ ಇರಬಹುದು. ಸಿಗರೇಟು ಸೇದುವವರಲ್ಲಿ ಈ ಮಟ್ಟ ಶೇ. 10ರವರೆಗೂ ಸಹಜವಾಗಿಯೇ ಇರಬಹುದು.

ಆದ್ದರಿಂದ ಈ ವಿಷ ತಗುಲಿರಬಹುದೆಂಬ ಅನುಮಾನವಿದ್ದವರನ್ನು ಮೊದಲು ಹೊರಗಿನ ಗಾಳಿಗೆ ತನ್ನಿ. ಆಸ್ಪತ್ರೆಯಲ್ಲಿ ಅವರು ಎಲ್ಲಿ ಬಿದ್ದಿದ್ದರು, ಅಲ್ಲಿ ಏನು ಉರಿಯುತ್ತಿತ್ತು, ಮನೆಯಲ್ಲಿ ಬೇರೆಯವರಿಗೂ ತಲೆನೋವಿದೆಯೇ ಎಂಬುದನ್ನು, ಯಾರೂ ಕೇಳದಿದ್ದರೂ, ವೈದ್ಯರಿಗೆ ಹೇಳಿ.