ನೊರೆನೀರಿಗೆ ರೀಟೇಕ್ ಇಲ್ಲ!

ಪೂರಿಗಾಲಿಯ ತರುಣರೇ, ಗೆಳೆಯರ ಜೊತೆ ಫಾರಿನ್ನಿಗೆ ಹೋಗಿ ನೊರೆ ಉಕ್ಕೋ ಹೊಳೆಯಲ್ಲಿ ಕಯಾಕ್ ನಡೆಸೋ ಆಸೆಯೇ? ಮೊದಲು ಇದನ್ನು ಓದಿ.

1972ರ ಹಾಲಿವುಡ್ ಚಿತ್ರ ‘ಡೆಲಿವರೆನ್ಸ್’ನಲ್ಲಿ ನಾಲ್ವರು ಗೆಳೆಯರು ಕಾಡುಹೊಳೆಗೆ ದೋಣಿ ಇಳಿಸ್ತಾರೆ. ಶೂಟಿಂಗ್ ನಡೆದದ್ದು ಅಮೆರಿಕದ ಚಟ್ಟೂಗಾ ನದಿಯಲ್ಲಿ. ಚಿತ್ರವೇನೋ ಗೆದ್ದಿತು. ಅದನ್ನು ನೋಡಿ ಅದೇ ಹೊಳೆಗೆ ಓಡಿದವರಲ್ಲಿ ಹಲವರು ಹೆಣವಾದರು!

ನೊರೆನೀರಲ್ಲಿ ಗಾಳಿ ಬೆರೆತಿರುತ್ತೆ. ಈಜು ಬಲ್ಲವನನ್ನೂ ಅದು ತೇಲಿಸೋಲ್ಲ.

ನಮ್ಮಲ್ಲಿ? 2016ರ ನವೆಂಬರ್ 7ರಂದು ‘ಮಾಸ್ತಿ ಗುಡಿ’ಗಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಜೀವಂತ ಬರಲಿಲ್ಲ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಅದೂ ನಿಂತ ನೀರು!

ಶಿವನಸಮುದ್ರದ ಕಾವೇರಿಯನ್ನು ಕಂಡವರು ನೀವು. ಜಾಕೆಟ್ ತೊಡಿ, ಹೆಲ್ಮೆಟ್ ಹಾಕಿ, ಮಗುಚಿದ ಕಯಾಕಿನಿಂದ ಹೊರಬರೋದನ್ನು ಗುರುವಿನ ಕಣ್ಣೆದುರು ಕಲಿಯಿರಿ. ವಿಮಾನದ ಟಿಕೆಟ್ ಆಮೇಲೆ!