ನಿಘಂಟಿನ ಹಾಳೆಯಿಂದ ಸಂದರ್ಶನದ ಹಲಗೆಯವರೆಗೆ

ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಅದರೊಳಗೆ 'ಬೆಳಕು' ಎಂಬ ಶಬ್ದವನ್ನು ಹುಡುಕಬೇಕಾದರೆ ನಾವು ಮೊದಲನೆಯ ಪುಟದಿಂದ ಓದತೊಡಗುತ್ತೇವೆಯೆ? ಇಲ್ಲ. ನಡುವೆ ಎಲ್ಲಿಯೋ ತೆರೆಯುತ್ತೇವೆ. ಅಲ್ಲಿ ದಕಾರ ಕಂಡಿತೆನ್ನೋಣ. ನಮಗೆ ಬೇಕಾದುದು ಮುಂದಿದೆಯೆಂದು ತಿಳಿದು ಹಿಂದಿನ ಭಾಗವನ್ನೆಲ್ಲ ಕೈಬಿಡುತ್ತೇವೆ. ಹೀಗೆ ಉಳಿದುದನ್ನು ಪ್ರತಿಸಲವೂ ಸರಿಯಾಗಿ ಅರ್ಧಿಸುತ್ತ ಹೋದರೆ, ೭೦,೦೦೦ ಶಬ್ದಗಳಲ್ಲಿ ಯಾವುದನ್ನೇ ಆಗಲಿ ಹೆಚ್ಚೆಂದರೆ ೧೭ ಹೋಲಿಕೆಗಳಲ್ಲಿ ಪತ್ತೆಮಾಡಬಹುದು. ಏಕೆಂದರೆ ೧೬ ಎರಡುಗಳ ಗುಣಲಬ್ಧ ೬೫,೫೩೬ ಮಾತ್ರ. ೧೭ ಎರಡುಗಳ ಗುಣಲಬ್ಧವಾದರೋ ೧,೩೧,೦೭೨.

ಈ ಉಪಾಯಕ್ಕೆ ಗಣಕಶಾಸ್ತ್ರದಲ್ಲಿ ಬೈನರಿ ಸರ್ಚ್, ಅಂದರೆ ಅರ್ಧಿಸುವ ಹುಡುಕಾಟ, ಎಂದು ಹೆಸರು. ಬೆಂಗಳೂರಿನಲ್ಲಾಗಲಿ ಅಮೆರಿಕದಲ್ಲಾಗಲಿ ತಂತ್ರಾಂಶ ಎಂಜಿನಿಯರರನ್ನು ಆರಿಸುವ ಸಂದರ್ಶನಗಳಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇಂಥವೇ. ಅಭ್ಯರ್ಥಿಗೆ ಒಂದು ಸಮಸ್ಯೆಯನ್ನು ಕೊಡುತ್ತಾರೆ. ಅವನು ಹಲಗೆಯ ಮೇಲೋ ಗಣಕದ ತೆರೆಯ ಮೇಲೋ ಪ್ರೋಗ್ರಾಮನ್ನು ಬರೆಯಬೇಕು. ತನ್ನ ಆಲೋಚನೆಯನ್ನು ಬಾಯ್ಬಿಟ್ಟು ಹೇಳಬೇಕು. ದತ್ತಾಂಶ ಹತ್ತುಪಟ್ಟಾದರೆ ಕೆಲಸದ ಕಾಲವೆಷ್ಟು ಬೆಳೆಯುವುದೆಂಬುದನ್ನೂ ವಿವರಿಸಬೇಕು. ಇದಕ್ಕೆ ತರಬೇತಿ ಕೊಡುವವರು ಕೆಲವೆಡೆ ದೊಡ್ಡ ಶುಲ್ಕವನ್ನೇ ವಿಧಿಸುತ್ತಾರೆ. ಹಾಗಾದರೆ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಓದುತ್ತಿರುವ, ಶುಲ್ಕ ತೆರಲಾರದ ವಿದ್ಯಾರ್ಥಿನಿಗೆ ಈ ಬಾಗಿಲು ಮುಚ್ಚಿದಂತೆಯೆ?

ಇದಕ್ಕೆ ಉತ್ತರ ಹೇಳುವ ಮೊದಲು, ಕಲಿಯಬೇಕಾದುದು ಏನೆಂಬುದನ್ನು ಸ್ವಲ್ಪ ಪರಿಶೀಲಿಸೋಣ. ಅರ್ಧಿಸುವ ಹುಡುಕಾಟದ ಕಲ್ಪನೆ ಮಗುವಿಗೂ ತಿಳಿಯುವಂಥದು. ಆದರೂ ೧೯೪೬ರಲ್ಲಿ ಜಾನ್ ಮಾಕ್ಲಿ ಎಂಬ ವಿಜ್ಞಾನಿ ತಮ್ಮ ಉಪನ್ಯಾಸದಲ್ಲಿ ಇದನ್ನು ಪ್ರಸ್ತಾಪಿಸಿದ ಮೇಲೆ, ಎಷ್ಟೇ ಉದ್ದದ ಪಟ್ಟಿಗೂ ಸರಿಹೋಗುವ ರೂಪವು ಪ್ರಕಟವಾಗಲು ೧೯೬೦ರ ದಶಕದ ಆರಂಭದವರೆಗೂ ಕಾಯಬೇಕಾಯಿತು! ಅಷ್ಟಕ್ಕೇ ಮುಗಿಯಲಿಲ್ಲ. ಜಾವಾ ಭಾಷೆಯ ಗ್ರಂಥಾಲಯದಲ್ಲಿದ್ದ ಇದೇ ಪ್ರೋಗ್ರಾಮಿನಲ್ಲಿ ಒಂದು ದೋಷ ಅಡಗಿದೆಯೆಂದು ೨೦೦೬ರಲ್ಲಿ ಜೋಷುವಾ ಬ್ಲಾಕ್ ಅವರು ಲೋಕಕ್ಕೆ ತಿಳಿಸಿದರು. ನಡುವಿನ ಸ್ಥಾನವನ್ನು ಕಾಣಲು ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸುವುದು ರೂಢಿ. ಆದರೆ ಜಾವಾದ ಸಾಮಾನ್ಯ ಪೂರ್ಣಾಂಕವು ೨,೧೪,೭೪,೮೩,೬೪೭ನ್ನು ಮೀರಲಾರದು. ಪಟ್ಟಿ ಅತಿ ದೊಡ್ಡದಾಗಿ, ಮೊತ್ತ ಈ ಎಲ್ಲೆಯನ್ನು ದಾಟಿದರೆ ಅದು ಋಣಸಂಖ್ಯೆಯಾಗಿ ತಿರುಗಿಬಿಡುತ್ತದೆ. ಪರಿಹಾರವೇನೋ ಸುಲಭ: ಎರಡು ಸ್ಥಾನಗಳ ಅಂತರವನ್ನು ಅರ್ಧಿಸಿ ಮೊದಲ ಸ್ಥಾನಕ್ಕೆ ಕೂಡಿದರೆ ಸಾಕು. ಕಲ್ಪನೆಯನ್ನು ಅರಿತಿರುವುದು ಬೇರೆ, ತಪ್ಪಿಲ್ಲದೆ ಬರೆಯುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಂದರ್ಶಕರು ನೋಡಬಯಸುವುದೂ ಈ ಎಚ್ಚರವನ್ನೇ.

ಈಗ ನಮ್ಮ ಪ್ರಶ್ನೆಗೆ ಮರಳೋಣ. ಬಾಗಿಲು ಮುಚ್ಚಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯು ತನ್ನ ಪಾಠಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವುದಾಗಿ ೨೦೦೧ರಲ್ಲಿ ಸಾರಿತು. ಅಲ್ಗಾರಿದಮುಗಳನ್ನು ಕುರಿತ ಅದರ ಉಪನ್ಯಾಸಮಾಲೆಯನ್ನು ಅಂತರ್ಜಾಲದಲ್ಲಿ ಯಾರೂ ನೋಡಬಹುದು. ನಮ್ಮ ದೇಶದಲ್ಲಿ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಕೂಡಿ ೨೦೦೩ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಕೈಗೊಂಡವು. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರು ಪೈಥಾನ್ ಭಾಷೆಯ ಮೂಲಕ ಈ ವಿಷಯವನ್ನು ಬೋಧಿಸಿರುವ ಪಾಠಗಳು ಅದರಲ್ಲಿವೆ. ಪಾಠ ಕೇಳಲು ಹಣ ಕೊಡಬೇಕಾಗಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವುಂಟು.

ಪಾಠವಾದ ಮೇಲೆ ಅಭ್ಯಾಸ. ಫಿನ್ಲೆಂಡಿನ ಆಂಟಿ ಲಾಕ್ಸೊನೆನ್ ಅವರು ಸ್ಪರ್ಧಾರ್ಥಿಗಳಿಗಾಗಿ ಬರೆದ ಕೈಪಿಡಿ ಉಚಿತವಾಗಿ ದೊರೆಯುತ್ತದೆ. ಅದರೊಡನೆ ಹೊಂದುವ ಸಿಎಸ್‌ಇಎಸ್ ಎಂಬ ಸಂಗ್ರಹದಲ್ಲಿ ೩೦೦ಕ್ಕೂ ಹೆಚ್ಚು ಲೆಕ್ಕಗಳಿವೆ. ನಾವು ಬರೆದು ಕಳುಹಿಸಿದ ಉತ್ತರವನ್ನು ಯಂತ್ರವೇ ಪರೀಕ್ಷಿಸಿ ಸರಿತಪ್ಪುಗಳನ್ನು ಹೇಳುತ್ತದೆ. ಭಾರತದಲ್ಲಿ ೨೦೦೯ರಲ್ಲಿ ಹುಟ್ಟಿದ ಕೋಡ್‌ಶೆಫ್ ಕೂಡ ಇಂಥದೇ ಅಭ್ಯಾಸಕ್ಷೇತ್ರ. ಲೀಟ್‌ಕೋಡ್‌ನಲ್ಲಿ ಕೆಲವು ಪ್ರಶ್ನೆಗಳು ಹಣ ಕೊಟ್ಟವರಿಗೆ ಮಾತ್ರ ಮೀಸಲಾದರೂ ಉಚಿತವಾದವೇ ಅಭ್ಯಾಸಕ್ಕೆ ಧಾರಾಳವಾಗಿವೆ. ಎಲ್ಲಿಂದ ತೊಡಗಬೇಕೆಂದು ತೋಚದವರಿಗೆ ಅದರಿಂದಲೇ ಆಯ್ದ ೭೫ ಪ್ರಶ್ನೆಗಳ 'ಬ್ಲೈಂಡ್ ೭೫' ಎಂಬ ಪಟ್ಟಿ ದಾರಿ ತೋರಿಸುತ್ತದೆ.

ಆದರೆ ಇಷ್ಟೆಲ್ಲ ಉಚಿತವಾಗಿ ದೊರೆಯುವುದೇ ಒಂದು ಅಪಾಯ. ಒಂದು ಪಾಠವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುವವನಿಗೆ ಯಾವುದೂ ದಕ್ಕುವುದಿಲ್ಲ. ಪಾಠ ಒಂದು, ಲೆಕ್ಕಗಳ ಸಂಗ್ರಹ ಒಂದು. ಅಷ್ಟನ್ನು ಆರಿಸಿಕೊಂಡು ಕೊನೆಮುಟ್ಟಿಸುವುದು ಲೇಸು. ಉತ್ತರವನ್ನು ನೋಡುವ ಮುನ್ನ ಕಾಗದ ಪೆನ್ಸಿಲುಗಳೊಡನೆ ಅರ್ಧ ಗಂಟೆಯಾದರೂ ಹೆಣಗಬೇಕು. ಪಟ್ಟಿ ಬರಿದಾಗಿದ್ದರೆ ಏನಾದೀತು? ಒಂದೇ ಅಂಶವಿದ್ದರೆ? ಹುಡುಕುವ ವಸ್ತುವೇ ಇಲ್ಲದಿದ್ದರೆ? ಈ ಮೂರು ಪ್ರಶ್ನೆಗಳನ್ನು ಪ್ರತಿಸಲವೂ ಕೇಳಿಕೊಳ್ಳಬೇಕು. ಬಳಿಕ ಗೆಳೆಯನೊಬ್ಬನಿಗೆ ವಿವರಿಸಬೇಕು, ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ. ವಿವರಿಸುವಾಗ ತಡವರಿಸಿದ ಕಡೆ ತಿಳಿವಳಿಕೆಯೂ ಅರೆಯಾಗಿರುವುದುಂಟು. ವಾರದ ಮೇಲೆ ಅದೇ ಲೆಕ್ಕವನ್ನು ಹಳೆಯ ಉತ್ತರ ನೋಡದೆ ಮತ್ತೆ ಬರೆಯಬೇಕು. ಬಾಯಿಪಾಠದ ಉತ್ತರ ಸಂದರ್ಶಕನ ಎರಡನೆಯ ಪ್ರಶ್ನೆಗೇ ಕುಸಿಯುತ್ತದೆ.

ಇಷ್ಟು ಮಾಡಿದವರೆಲ್ಲರಿಗೂ ಕೆಲಸ ಸಿಕ್ಕೇ ಸಿಗುವುದೆಂದು ನಾವು ಹೇಳಲಾರೆವು. ಒಮ್ಮೆ ಆಯ್ಕೆಯಾಗದವರು ಮತ್ತೊಂದೆಡೆ ಗೆದ್ದಿರುವುದುಂಟು. ಆದರೆ ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಯಾರೂ ಸಿದ್ಧತೆಯನ್ನೇ ತೊರೆಯಬೇಕಾಗಿಲ್ಲ.

ಕಡೆಯದಾಗಿ ವಾಚಕರಿಗೊಂದು ಲೆಕ್ಕ. ಏರಿಕೆಯ ಕ್ರಮದಲ್ಲಿರುವ ಪಟ್ಟಿಯೊಂದರಲ್ಲಿ ಒಂದೇ ಸಂಖ್ಯೆ ಹಲವು ಸಲ ಬಂದಿದೆ. ಅರ್ಧಿಸುವ ಉಪಾಯದಿಂದಲೇ ಅದು ಮೊಟ್ಟಮೊದಲು ಬಂದಿರುವ ಸ್ಥಾನವನ್ನು ಕಂಡುಹಿಡಿಯುವುದು ಹೇಗೆ? ಸಂಖ್ಯೆ ಕಣ್ಣಿಗೆ ಬಿದ್ದೊಡನೆ ಹುಡುಕಾಟವನ್ನು ನಿಲ್ಲಿಸಬಾರದು ಎಂಬ ಸುಳಿವನ್ನಷ್ಟೇ ಕೊಟ್ಟು, ಉಳಿದುದನ್ನು ನಿಮಗೆ ಬಿಡುತ್ತೇವೆ.