ಧರ್ಮಸ್ಥಳಕ್ಕೆ ಕಾಲ್ನಡಿಗೆ: ಹೊರಡುವವರಿಗೂ, ದಾರಿಯಲ್ಲಿ ನೀರು ಕೊಡುವವರಿಗೂ

ಶಿವರಾತ್ರಿ ಹತ್ತಿರ ಬಂತೆಂದರೆ ಚಾರ್ಮಾಡಿಯಿಂದ ಉಜಿರೆಯವರೆಗಿನ ರಸ್ತೆ ತನ್ನ ಎಂದಿನ ಚಹರೆ ಬದಲಿಸುತ್ತದೆ. ಮರದ ನೆರಳಿದ್ದಲ್ಲೆಲ್ಲ ಒಂದು ಶಾಮಿಯಾನ, ಒಂದು ಮೇಜು, ಮೇಜಿನ ಮೇಲೆ ಸ್ಟೀಲಿನ ದೊಡ್ಡ ಪಾತ್ರೆ. ಘಟ್ಟದ ಮೇಲಿನವರು ನಡೆದುಕೊಂಡು ಬರುತ್ತಿದ್ದಾರೆ. ಬೆಂಗಳೂರು, ತುಮಕೂರು, ಮಂಡ್ಯ, ಹಾಸನ, ಚಿಕ್ಕಮಗಳೂರು ಕಡೆಗಳಿಂದ ತಂಡ ತಂಡವಾಗಿ ಹೊರಟವರು ಕೊಟ್ಟಿಗೆಹಾರ ದಾಟಿ, ಘಾಟಿ ಇಳಿದು, ಬೆಳ್ತಂಗಡಿ ತಾಲೂಕಿನ ಮಣ್ಣಿಗೆ ಕಾಲಿಡುತ್ತಾರೆ. ಹೆಗಲಿನಲ್ಲಿ ಚೀಲ, ಕೆಲವರ ಕಾಲಿಗೆ ಬಟ್ಟೆಯ ಪಟ್ಟಿ, ಬಾಯಲ್ಲಿ ಮಂಜುನಾಥನ ಹೆಸರು.

ಈ ನಡಿಗೆಯಲ್ಲಿ ಕಾಲು ಎಷ್ಟು ಮುಖ್ಯವೋ ಕೊಡುವ ಕೈಯೂ ಅಷ್ಟೇ ಮುಖ್ಯ. ದಾರಿಯುದ್ದಕ್ಕೂ ಯಾರೋ ಕೊಟ್ಟ ಮಜ್ಜಿಗೆ, ಯಾರೋ ಹಚ್ಚಿದ ಮುಲಾಮು, ಯಾರೋ ಬಿಟ್ಟುಕೊಟ್ಟ ಜಗಲಿ ಇಲ್ಲದೆ ಯಾತ್ರೆ ಮುಗಿಯುವುದಿಲ್ಲ. ಹಾಗಾಗಿ ನಡೆಯುವವರು ಏನು ತಿಳಿದಿರಬೇಕು, ಕೊಡುವವರು ಏನು ತಿಳಿದಿರಬೇಕು ಎರಡನ್ನೂ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಮೂರು ಬಗೆಯ ನಡಿಗೆ

ಮೊದಲನೆಯದು ಶಿವರಾತ್ರಿಯ ದೀರ್ಘ ಪಾದಯಾತ್ರೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿ.ಮೀ. ದಿನಕ್ಕೆ 35ರಿಂದ 40 ಕಿ.ಮೀ. ನಡೆದರೂ ಒಂದು ವಾರಕ್ಕಿಂತ ಹೆಚ್ಚು ಬೇಕು. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಬರುವವರು ಹೆಚ್ಚು. ಶಿವರಾತ್ರಿಯ ರಾತ್ರಿ ಕ್ಷೇತ್ರದಲ್ಲಿ ಜಾಗರಣೆ ಮಾಡಿದರೆ ಯಾತ್ರೆ ಪೂರ್ತಿಯಾದಂತೆ.

ಎರಡನೆಯದು ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಮೊದಲ ದಿನದ ನಡಿಗೆ. ಉಜಿರೆಯ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಧರ್ಮಸ್ಥಳಕ್ಕೆ ಸುಮಾರು 9 ಕಿ.ಮೀ. ಮಕ್ಕಳು, ಹಿರಿಯರು ಎಲ್ಲರೂ ಸೇರಬಹುದು. ದೀರ್ಘ ನಡಿಗೆಯ ಯೋಚನೆಯಿರುವವರು ತಮ್ಮ ಕಾಲನ್ನು ಪರೀಕ್ಷಿಸಿಕೊಳ್ಳಲು ಇದು ಒಳ್ಳೆಯ ಅವಕಾಶ.

ಮೂರನೆಯದು ಕರಾವಳಿಯ ಕಡೆಯಿಂದ ನಾಲ್ಕಾರು ಮಂದಿ ಸೇರಿ ತಾವೇ ರೂಪಿಸಿಕೊಳ್ಳುವ ಯಾತ್ರೆ. ಬಂಟ್ವಾಳದಲ್ಲಿ ನೇತ್ರಾವತಿಯನ್ನು ನೋಡಿ ಹೊರಟು ಮೂಡುಬಿದಿರೆ, ವೇಣೂರು, ಬೆಳ್ತಂಗಡಿ ದಾಟಿ ಧರ್ಮಸ್ಥಳದಲ್ಲಿ ಮತ್ತೆ ಅದೇ ನದಿಯ ಬಳಿಗೆ ಬರಬಹುದು. ನಡುವೆ ನಾಲ್ಕೈದು ದಿನ. ಮೊದಲ ಬಾರಿಗೆ ಹೊರಡುವವರಿಗೆ ನಾನು ಹೇಳುವುದು ಇದನ್ನೇ.

ಕರಾವಳಿ ದಾರಿಯ ದಿನಗಳು

ಬಂಟ್ವಾಳದಿಂದ ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ ಸುಮಾರು 28 ಕಿ.ಮೀ. ಅಭ್ಯಾಸವಿದ್ದವರು ಒಂದೇ ದಿನದಲ್ಲಿ ನಡೆದಾರು. ಇಲ್ಲದವರು ನಡುವೆ ಒಂದು ರಾತ್ರಿ ಉಳಿಯಲಿ. ಮೂಡುಬಿದಿರೆಗೆ ಜೈನಕಾಶಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿರುವುದು 18 ಬಸದಿಗಳು. 1430ರ ಸಾವಿರ ಕಂಬದ ಬಸದಿಗೆ ಅರ್ಧ ದಿನವನ್ನಾದರೂ ಮೀಸಲಿಡಿ. ಈ ಬಸದಿಗಳ ಪರಂಪರೆಯ ದಿಗಂಬರ ಮುನಿಗಳು ಇಂದಿಗೂ ವಾಹನ ಹತ್ತದೆ, ಬರಿಗಾಲಿನಲ್ಲಿ ಊರಿಂದೂರಿಗೆ ವಿಹಾರ ಮಾಡುವವರು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಚಾತುರ್ಮಾಸಕ್ಕೆಂದು ಒಂದೆಡೆ ನಿಲ್ಲುತ್ತಾರೆ. ನೆಲದಲ್ಲಿ ಜೀವಜಂತುಗಳು ತುಂಬಿರುವ ಕಾಲದಲ್ಲಿ ತುಳಿಯಬಾರದೆಂಬ ಅಹಿಂಸೆ ಅದು. ನಮ್ಮಂಥವರಿಗೂ ಇದು ಪಾಠ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಗೆ ಇಳಿಯಬೇಡಿ. ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನ ದಿನಗಳೇ ಸರಿ.

ಮೂಡುಬಿದಿರೆಯಿಂದ ವೇಣೂರಿಗೆ ಸುಮಾರು 20 ಕಿ.ಮೀ. ಫಲ್ಗುಣಿ ನದಿಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟ ಅಲ್ಲಿದ್ದಾನೆ. ಸಂಜೆಯ ಹೊತ್ತಿಗೆ ಅಲ್ಲಿಗೆ ತಲುಪುವಂತೆ ನಡೆದರೆ ದಿನದ ದಣಿವು ಆ ಮುಖದ ಮುಂದೆ ಇಳಿಯುತ್ತದೆ. ವೇಣೂರಿನಿಂದ ಗುರುವಾಯನಕೆರೆಯ ಮೂಲಕ ಬೆಳ್ತಂಗಡಿಗೆ ಮತ್ತೊಂದು ದಿನ, ಬೆಳ್ತಂಗಡಿಯಿಂದ ಉಜಿರೆ ದಾಟಿ ಧರ್ಮಸ್ಥಳಕ್ಕೆ ಸುಮಾರು 15 ಕಿ.ಮೀ.ನ ಕೊನೆಯ ದಿನ. ಕೊನೆಯ ದಿನ ಚಿಕ್ಕದಾಗಿರುವುದು ಒಳ್ಳೆಯದು. ದೇವರ ಮುಂದೆ ನಿಲ್ಲುವಾಗ ಮೈಯಲ್ಲಿ ಸ್ವಲ್ಪ ತ್ರಾಣ ಉಳಿದಿರಬೇಕು.

ತಂಡ ನಡೆಯುವ ಬಗೆ

ಹತ್ತು ಮಂದಿಯ ತಂಡವಾದರೂ ನೂರು ಮಂದಿಯದಾದರೂ ಕ್ರಮ ಒಂದೇ. ದಾರಿ ಬಲ್ಲವನೊಬ್ಬ ಮುಂದೆ ನಡೆಯುತ್ತಾನೆ, ತಾಳ್ಮೆಯುಳ್ಳವನೊಬ್ಬ ಎಲ್ಲರಿಗಿಂತ ಹಿಂದೆ. ಅವನಿಗಿಂತ ಹಿಂದೆ ಯಾರೂ ಉಳಿಯಬಾರದು. ಸಾಮಾನು ಹೊತ್ತ ಗಾಡಿ ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ ಒಲೆ ಹಚ್ಚಿರಬೇಕು. ಶಾಲೆ, ದೇವಸ್ಥಾನದ ಅಂಗಣ, ಸಮುದಾಯ ಭವನಗಳಲ್ಲಿ ಉಳಿಯುವುದಾದರೆ ಹದಿನೈದು ದಿನ ಮೊದಲೇ ಅನುಮತಿ ಕೇಳಿ. ಶೌಚಾಲಯ ಎಷ್ಟಿವೆ, ನೀರು ಬರುತ್ತದೆಯೇ ಎಂದು ವಿಚಾರಿಸಿ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ದಿನದ ಲೆಕ್ಕವನ್ನು ಸೂರ್ಯನ ಪ್ರಕಾರ ಹಾಕಬೇಕು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತೂವರೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸುವುದು, ಮೂರೂವರೆಯವರೆಗೆ ನೆರಳಿನಲ್ಲಿ ಮಲಗುವುದು, ಉಳಿದದ್ದನ್ನು ಸಂಜೆ ನಡೆಯುವುದು. ಕತ್ತಲಲ್ಲಿ ನಡೆಯುವವರ ಬೆನ್ನಿಗೆ ಹೊಳೆಯುವ ಪಟ್ಟಿ, ಕೈಯಲ್ಲಿ ಟಾರ್ಚ್ ಇರಲೇಬೇಕು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಬಸ್ಸು ಲಾರಿಗಳ ಓಡಾಟ ಹೆಚ್ಚು. ರಸ್ತೆ ಅಗಲವಾದ ಕಡೆ ಹಳೆಯ ಸಾಲುಮರಗಳೂ ಇಲ್ಲ, ಹಾಗಾಗಿ ನೆರಳಿನ ಜಾಗಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ.

ಚಾರ್ಮಾಡಿ ಘಾಟಿಗೆ ಬೇರೆಯೇ ಎಚ್ಚರ ಬೇಕು. ತಿರುವುಗಳಲ್ಲಿ ಕಾಲಿಡಲು ಜಾಗವಿಲ್ಲ, ಆನೆಗಳ ಓಡಾಟವಿದೆ, ಹಲವೆಡೆ ಮೊಬೈಲ್ ಸಿಗ್ನಲ್ ಇಲ್ಲ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ರಸ್ತೆಯೇ ಮುಚ್ಚಿದ್ದ ಜಾಗ ಇದು. ಬೆಳಕಿರುವಾಗ, ಗುಂಪಾಗಿ, ಸದ್ದು ಮಾಡದೆ ಇಳಿಯಿರಿ. ಕೊಟ್ಟಿಗೆಹಾರ ಬಿಡುವಾಗಲೂ ಚಾರ್ಮಾಡಿ ಮುಟ್ಟಿದಾಗಲೂ ತಂಡದ ತಲೆ ಎಣಿಸಿ.

ಕಾಲಿನ ಮಾತು

ಘಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದುಕೊಂಡವರು ಕಕ್ಕಿಂಜೆ ಮುಟ್ಟುವಷ್ಟರಲ್ಲಿ ಕುಂಟುತ್ತಿರುತ್ತಾರೆ. ಇಳಿಜಾರಿನಲ್ಲಿ ಮೈಯ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಪಾದ ಚಪ್ಪಲಿಯೊಳಗೆ ಮುಂದಕ್ಕೆ ಜಾರಿ ಬೆರಳಿನ ತುದಿ ಉಜ್ಜುತ್ತದೆ. ಆದ್ದರಿಂದ ಹೊರಡುವ ನಾಲ್ಕು ದಿನ ಮೊದಲು ಉಗುರನ್ನು ನೇರವಾಗಿ ಕತ್ತರಿಸಿ. ಶೂ ಹಾಕುವವರು ಇಳಿಯುವ ಮುನ್ನ ಕಣಕಾಲಿನ ಬಳಿ ದಾರ ಬಿಗಿ ಮಾಡಲಿ. ಹೊಸ ಶೂ ಬೇಡ, ಆರು ವಾರ ಹಾಕಿ ಪಳಗಿದ್ದು ಬೇಕು. ಆ ಆರು ವಾರಗಳಲ್ಲಿ ವಾರಕ್ಕೊಮ್ಮೆ ದೂರ ಹೆಚ್ಚಿಸುತ್ತ ಕೊನೆಗೆ ಎರಡು ದಿನ ಸತತವಾಗಿ 20 ಕಿ.ಮೀ. ನಡೆದು ನೋಡಿ. ಎರಡನೆಯ ದಿನ ಕಾಲು ಹೇಳುವ ಮಾತೇ ನಿಜವಾದ ಮಾತು.

ಬೊಬ್ಬೆ ಬರುವ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ಅಲ್ಲೇ ನಿಲ್ಲಿ. ಕಾಲು ಒರೆಸಿ, ಪಟ್ಟಿ ಹಚ್ಚಿ, ಒಣಗಿದ ಕಾಲುಚೀಲ ಹಾಕಿ. ಐದು ನಿಮಿಷದ ಈ ಕೆಲಸ ಮೂರು ದಿನದ ನೋವು ಉಳಿಸುತ್ತದೆ. ಎದ್ದ ಬೊಬ್ಬೆ ಚಿಕ್ಕದಾದರೆ ಒಡೆಯಬೇಡಿ. ದೊಡ್ಡದಾಗಿ ಬಿಗಿದುಕೊಂಡು ನಡೆಯಲಾಗದಿದ್ದರೆ ಮಾತ್ರ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಬಿಡಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳಗಿನ ಗಾಯಕ್ಕೆ ಹೊದಿಕೆ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನ ಹರಕೆ ಹೊರಬೇಡಿ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ತಿಳಿಯುವುದಿಲ್ಲ. ಬೊಬ್ಬೆಯನ್ನೂ ತಾವೇ ಚುಚ್ಚಿಕೊಳ್ಳದೆ ವೈದ್ಯರಿಗೆ ತೋರಿಸಲಿ.

ಬಯಲುಸೀಮೆಯವರಿಗೆ ಕರಾವಳಿಯ ಸೆಕೆ ಹೊಸದು. ಇಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಊಟಕ್ಕೆ ನಮ್ಮೂರಿನ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಗಿಂತ ಒಳ್ಳೆಯದು ನಾನು ಕಂಡಿಲ್ಲ: ಅನ್ನ, ನೀರು, ಉಪ್ಪು ಮೂರೂ ಒಂದೇ ಬಟ್ಟಲಿನಲ್ಲಿ. ಯಾರಾದರೂ ತಲೆ ಹಿಡಿದುಕೊಂಡು ಅಸಂಬದ್ಧ ಮಾತಾಡತೊಡಗಿದರೆ ಅದನ್ನು ದಣಿವೆಂದು ತಳ್ಳಿಹಾಕಬೇಡಿ. ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಕೊಡುವವರಿಗೆ

ತುಳುನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ಯಾರು, ಯಾಕೆ ಬಂದಿರಿ ಎಂಬ ಮಾತು ಆಮೇಲೆ. ದಾರಿಯಲ್ಲಿ ಅರವಟ್ಟಿಗೆ ಇಡುವುದು, ಉತ್ಸವಕ್ಕೆ ಊರೂರಿನಿಂದ ಅಕ್ಕಿ ತೆಂಗಿನಕಾಯಿ ಹೊರೆಕಾಣಿಕೆಯಾಗಿ ಹೋಗುವುದು ಇದೇ ಮನಸ್ಸಿನ ವಿಸ್ತಾರ. ಆ ಮನಸ್ಸಿಗೆ ಸ್ವಲ್ಪ ಯೋಜನೆ ಸೇರಿದರೆ ಒಂದು ತೊಟ್ಟೂ ವ್ಯರ್ಥವಾಗದು.

ಉಜಿರೆ ಸಮೀಪ ಹತ್ತು ಕಡೆ ಕಲ್ಲಂಗಡಿ ಕೊಡುತ್ತಿದ್ದರೆ ಹನ್ನೊಂದನೆಯವರಾಗಬೇಡಿ. ಅಂಗಡಿಯೂ ಮನೆಯೂ ಇಲ್ಲದ ಜಾಗ ಹುಡುಕಿ. ಹಗಲಿಗಿಂತ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಕೊಡುವವರು ಕಡಿಮೆ. ಆ ಹೊತ್ತಿನ ಒಂದು ಲೋಟ ಬಿಸಿ ಕಷಾಯಕ್ಕೆ ಬೆಲೆಯೇ ಬೇರೆ. ಹಣ್ಣನ್ನು ಮೊದಲೇ ಕೊಯ್ದಿಡಬೇಡಿ, ಕೇಳಿದಾಗ ಕೊಯ್ದು ಕೊಡಿ. ಮಜ್ಜಿಗೆಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಪೇಪರ್ ಲೋಟದ ಬದಲು ಸ್ಟೀಲಿನ ಲೋಟ ಇಟ್ಟು, ತೊಳೆಯಲು ಇಬ್ಬರನ್ನು ನಿಲ್ಲಿಸಿ. ಕಸದ ಬುಟ್ಟಿ ಮೇಜಿನ ಪಕ್ಕದಲ್ಲಿದ್ದರೆ ಸಾಲದು, ಐವತ್ತು ಹೆಜ್ಜೆ ಮುಂದೆ ಇಡಿ. ಲೋಟ, ಸಿಪ್ಪೆ ಕೈಬಿಡುವುದು ಅಲ್ಲಿ.

ಎಲ್ಲಕ್ಕಿಂತ ದೊಡ್ಡ ದಾನವೆಂದರೆ ಒಂದು ಬಕೆಟ್ ಬಿಸಿನೀರು, ಹಿಡಿ ಉಪ್ಪು, ಒಂದು ಬೆಂಚು. ಗಾಯವಿಲ್ಲದ ಕಾಲನ್ನು ಹತ್ತು ನಿಮಿಷ ಅದರಲ್ಲಿ ಇಳಿಬಿಟ್ಟವರ ಮುಖ ಬದಲಾಗುವುದನ್ನು ನೋಡಿ. ಮೊದಲು ಕಣ್ಣು ಮುಚ್ಚುತ್ತಾರೆ, ಆಮೇಲೆ ಭುಜ ಇಳಿಯುತ್ತದೆ, ಕೊನೆಗೆ ಊರು ಯಾವುದೆಂದು ಅವರೇ ಮಾತು ಶುರುಮಾಡುತ್ತಾರೆ.

ಸತ್ಕಾರ್ಯಕ್ಕೆ ಹಣ ಕೂಡಿಸುವುದಾದರೆ

ನಡಿಗೆಯ ಮೂಲಕ ಹಣ ಕೂಡಿಸುವ ಕ್ರಮ ಜಗತ್ತಿನಲ್ಲೆಲ್ಲ ಇದೆ. ಹಾಂಗ್‌ಕಾಂಗ್‌ನಲ್ಲಿ 1981ರಲ್ಲಿ ಗೂರ್ಖಾ ಸೈನಿಕರ ಕಸರತ್ತಾಗಿ ಆರಂಭವಾದ ಟ್ರೇಲ್‌ವಾಕರ್‌ನಲ್ಲಿ ನಾಲ್ಕು ಮಂದಿಯ ತಂಡ 48 ಗಂಟೆಗಳೊಳಗೆ 100 ಕಿ.ಮೀ. ನಡೆಯುತ್ತದೆ. ತಂಡದವರು ಪರಿಚಿತರಿಂದ ದೇಣಿಗೆ ಕೂಡಿಸಿ ಬಡವರ ನೆರವಿಗೆ ಕೊಡುತ್ತಾರೆ. ನಮ್ಮ ತಂಡಗಳೂ ಕಿಲೋಮೀಟರಿಗೆ ಇಂತಿಷ್ಟೆಂದು ಬಂಧುಮಿತ್ರರಿಂದ ಪಡೆದು ದಾರಿಯ ಯಾವುದಾದರೂ ಸರಕಾರಿ ಶಾಲೆಗೋ ಹಾಸಿಗೆ ಹಿಡಿದವರ ಆರೈಕೆಗೋ ಕೊಡಬಹುದು.

ಮೂರು ನಿಯಮ ಮರೆಯಬೇಡಿ. ಒಂದು, ಯಾತ್ರೆಯ ಖರ್ಚನ್ನು ಯಾತ್ರಿಕರೇ ಭರಿಸಬೇಕು, ದಾನದ ಹಣದಿಂದ ಒಂದು ಚಹಾವನ್ನೂ ಕುಡಿಯಬಾರದು. ಎರಡು, ಹೊರಡುವ ಮೊದಲೇ ಶಾಲೆಯವರನ್ನು ಭೇಟಿಯಾಗಿ ಏನು ಬೇಕೆಂದು ಕೇಳಿ. ಶೌಚಾಲಯದ ಬಾಗಿಲು ಮುರಿದಿರುವಲ್ಲಿ ನೂರು ನೋಟ್‌ಬುಕ್ ಹಂಚಿ ಬರಬೇಡಿ. ಮೂರು, ಕೊಟ್ಟವರಿಗೆಲ್ಲ ರಸೀದಿ, ಕೊನೆಗೆ ಲೆಕ್ಕ. ದೇಣಿಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆಯಿರುವ ಸಂಸ್ಥೆಗೆ ನೇರವಾಗಿ ಹೋದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ಸಿಗುತ್ತದೆ. ಆದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ.

ನದಿಯ ಬಳಿ

ನೇತ್ರಾವತಿಯ ಸ್ನಾನಘಟ್ಟ ಯಾತ್ರೆಯ ಕೊನೆಯ ಮೆಟ್ಟಿಲು. ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಬೇಡ. ಆ ಬಟ್ಟೆ ಪುಣ್ಯವನ್ನು ಹೊತ್ತು ಎಲ್ಲಿಗೂ ಹೋಗುವುದಿಲ್ಲ, ಕಲ್ಲಿನ ಸಂದಿಯಲ್ಲಿ ಸಿಕ್ಕಿ ಕೊಳೆಯುತ್ತದೆ. ಇದೇ ನೀರು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ, ಮಂಗಳೂರಿಗೆ ಕುಡಿಯಲು ಹೋಗುತ್ತದೆ. ದಾರಿಯುದ್ದಕ್ಕೂ ನಿಮಗೆ ನೀರು ಕೊಟ್ಟವರ ಮನೆಯ ನಲ್ಲಿಗೂ ಬಂದೀತು. ಸೋಪು, ಶಾಂಪೂ ಬಿಟ್ಟು ಬರಿಯ ಮುಳುಗು ಹಾಕಿ ಏಳಿ.

ಆಮೇಲೆ ಅನ್ನಪೂರ್ಣ ಛತ್ರದ ಸಾಲಿನಲ್ಲಿ ಎಲ್ಲರ ಜೊತೆ ಕುಳಿತು ಉಣ್ಣಿ. ಪಕ್ಕದಲ್ಲಿ ಕುಳಿತವರು ಯಾರೆಂದು ಯಾರೂ ಕೇಳುವುದಿಲ್ಲ. ಊರಿಗೆ ಮರಳುವ ಬಸ್ಸು ಎರಡು ಗಂಟೆಯಲ್ಲಿ ಘಾಟಿ ಹತ್ತಿಬಿಡುತ್ತದೆ. ನೀವು ಕುಂಟಿದ ತಿರುವು, ಕುಳಿತ ಬೆಂಚು, ನೀರಿಲ್ಲದೆ ಬಾಯಿ ಒಣಗಿದ ಆ ಮೂರು ಕಿಲೋಮೀಟರು ಕಿಟಕಿಯಾಚೆ ಸರಿದುಹೋಗುತ್ತವೆ. ಆ ಮೂರು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಶಿವರಾತ್ರಿಗೆ ನಡೆಯಲಾಗದಿದ್ದರೂ ಒಂದು ರಾತ್ರಿಯ ಮಟ್ಟಿಗೆ ಬಂದು, ಸರಿಯಾಗಿ ಅಲ್ಲೇ, ಒಂದು ಪಾತ್ರೆ ಮಜ್ಜಿಗೆ ಇಟ್ಟುಕೊಂಡು ನಿಲ್ಲಿ.